ಒಂದೇ ಕೊಲೆ ಕೇಸ್, ಮೂವರಿಗೂ ಗಲ್ಲು: ಆಮೇಲೆ ಏನಾಯಿತು?

ನಮಸ್ಕಾರ ಎಲ್ಲರಿಗೂ.

ಗಲ್ಲುಶಿಕ್ಷೆ ಬೇಕಾ, ಬೇಡವಾ? ಯಾವುದಾದರೂ ಭೀಕರ ಕೊಲೆಯ ಸುದ್ದಿ ಬಂದಾಗೆಲ್ಲ ನಿಮ್ಮಲ್ಲಿ ಬಹಳ ಜನ ಈ ಪ್ರಶ್ನೆ ಕಳಿಸುತ್ತೀರಿ. ಧರ್ಮ, ನೀತಿ, ಸೇಡು, ಮಾನವ ಹಕ್ಕು ಎಲ್ಲವನ್ನೂ ಇವತ್ತು ಮಾತಾಡೋದಿಲ್ಲ. ಒಂದು ಕೇಸ್ ತೋರಿಸುತ್ತೇನೆ. ಅದನ್ನು ಓದಿದ ಮೇಲೆ ನನಗೆ ಈ ಪ್ರಶ್ನೆಯೇ ಬೇರೆ ಥರ ಕಾಣೋಕೆ ಶುರುವಾಯಿತು.

ಅದಕ್ಕೆ ಮೊದಲು ಕಾನೂನು, ಬೇಗ ಬೇಗ. ನಮ್ಮ ದೇಶದಲ್ಲಿ ಕೊಲೆಗೆ ಮಾಮೂಲಿ ಶಿಕ್ಷೆ ಜೀವಾವಧಿ. ಗಲ್ಲು ಕೊಡಬೇಕಾದರೆ ನ್ಯಾಯಾಧೀಶರು ವಿಶೇಷ ಕಾರಣ ಬರೆಯಬೇಕು ಅಂತ 1973ರ ದಂಡ ಪ್ರಕ್ರಿಯಾ ಸಂಹಿತೆ ಹೇಳಿತು. 1980ರಲ್ಲಿ ಬಚನ್ ಸಿಂಗ್ ಪ್ರಕರಣ ಬಂತು. ಸುಪ್ರೀಂ ಕೋರ್ಟಿನ ಐವರ ಪೀಠದಲ್ಲಿ ನಾಲ್ವರು, ಗಲ್ಲುಶಿಕ್ಷೆ ಸಂವಿಧಾನಕ್ಕೆ ವಿರುದ್ಧವಲ್ಲ, ಆದರೆ ಅಪರೂಪದಲ್ಲಿ ಅಪರೂಪದ ಪ್ರಕರಣದಲ್ಲಿ ಮಾತ್ರ ಕೊಡಿ ಅಂದರು. ಸೆಷನ್ಸ್ ಕೋರ್ಟ್ ಗಲ್ಲು ಅಂದರೆ ಹೈಕೋರ್ಟ್ ಅದನ್ನು ಖಾಯಂ ಮಾಡಲೇಬೇಕು. ಆಮೇಲೆ ಸುಪ್ರೀಂ ಕೋರ್ಟ್. ಕೊನೆಗೆ ರಾಷ್ಟ್ರಪತಿಗೆ ಕ್ಷಮಾದಾನ ಅರ್ಜಿ. ಇಷ್ಟು ಗೊತ್ತಿದ್ದರೆ ಸಾಕು.

[ಸ್ಕ್ರೀನ್ ಮೇಲೆ ಮೂರು ಹೆಸರು: ಜೀತಾ ಸಿಂಗ್, ಕಶ್ಮೀರಾ ಸಿಂಗ್, ಹರ್ಬನ್ಸ್ ಸಿಂಗ್]

ಈಗ ಕೇಸ್. ಉತ್ತರ ಪ್ರದೇಶದಲ್ಲಿ ಒಂದೇ ಕುಟುಂಬದ ನಾಲ್ವರ ಕೊಲೆ. ಆರೋಪಿಗಳೂ ನಾಲ್ವರು. ಒಬ್ಬ ಪೊಲೀಸ್ ಎನ್‌ಕೌಂಟರ್‌ನಲ್ಲಿ ಸತ್ತ. ಉಳಿದ ಮೂವರಿಗೆ 1975ರಲ್ಲಿ ಸೆಷನ್ಸ್ ಕೋರ್ಟ್ ಗಲ್ಲುಶಿಕ್ಷೆ ಕೊಟ್ಟಿತು. ಅಲಹಾಬಾದ್ ಹೈಕೋರ್ಟ್ ಮೂವರದ್ದನ್ನೂ ಎತ್ತಿಹಿಡಿಯಿತು. ಕೊಲೆಯಲ್ಲಿ ಮೂವರ ಪಾಲೂ ಒಂದೇ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇಲ್ಲಿಂದ ಮೂವರೂ ಬೇರೆ ಬೇರೆಯಾಗಿ ಸುಪ್ರೀಂ ಕೋರ್ಟಿಗೆ ಹೋದರು. ಜೀತಾ ಸಿಂಗ್ ಅರ್ಜಿ 1976ರಲ್ಲಿ ವಜಾ ಆಯಿತು. ಕಶ್ಮೀರಾ ಸಿಂಗ್ ಅರ್ಜಿ ಇನ್ನೊಂದು ಪೀಠದ ಮುಂದೆ ಬಂತು. 1977ರಲ್ಲಿ ಅವನ ಗಲ್ಲು ಜೀವಾವಧಿ ಆಯಿತು. ಹರ್ಬನ್ಸ್ ಸಿಂಗ್ ಅರ್ಜಿ ಮೂರನೇ ಪೀಠದ ಮುಂದೆ. 1978ರಲ್ಲಿ ವಜಾ. ಆಮೇಲೆ ಮರುಪರಿಶೀಲನೆ ಕೇಳಿದ, ಅದೂ ವಜಾ. ರಾಷ್ಟ್ರಪತಿಗೆ ಕ್ಷಮಾದಾನ ಕೇಳಿದ, 1981ರಲ್ಲಿ ಅದೂ ತಿರಸ್ಕಾರ.

ಇಷ್ಟು ಕಡೆ ಫೈಲ್ ಓಡಾಡಿತಲ್ಲ, ಇದೇ ಕೇಸಿನ ಇನ್ನೊಬ್ಬನ ಗಲ್ಲು ಈಗಾಗಲೇ ರದ್ದಾಗಿದೆ ಅನ್ನುವುದನ್ನು ಯಾರೂ ಎತ್ತಿ ಹೇಳಲಿಲ್ಲ.

ಜೀತಾ ಮತ್ತು ಹರ್ಬನ್ಸ್ ಇಬ್ಬರನ್ನೂ 1981ರ ಅಕ್ಟೋಬರ್ 6ಕ್ಕೆ ಗಲ್ಲಿಗೇರಿಸೋದು ಅಂತ ತೀರ್ಮಾನವಾಯಿತು. ಹರ್ಬನ್ಸ್ ಕೊನೇ ಗಳಿಗೆಯಲ್ಲಿ ರಿಟ್ ಅರ್ಜಿ ಹಾಕಿದ. ಕಶ್ಮೀರಾಗೆ ಸಿಕ್ಕಿದ್ದು ನನಗೆ ಯಾಕಿಲ್ಲ ಅಂತ ಕೇಳಿದ. ತಡೆಯಾಜ್ಞೆ ಸಿಕ್ಕಿತು. ಜೀತಾ ಸಿಂಗ್ ಅರ್ಜಿ ಹಾಕಲಿಲ್ಲ. ಅಕ್ಟೋಬರ್ 6ರಂದು ಅವನನ್ನು ಗಲ್ಲಿಗೇರಿಸಿದರು.

1982ರಲ್ಲಿ ಹರ್ಬನ್ಸ್ ಕೇಸಿನ ತೀರ್ಪು ಬಂತು. ಮೂವರದ್ದೂ ಒಂದೇ ಅಪರಾಧ, ಹಾಗಾಗಿ ಹರ್ಬನ್ಸ್‌ನ ಗಲ್ಲನ್ನೂ ಜೀವಾವಧಿಗೆ ಇಳಿಸಿ ಅಂತ ಕೋರ್ಟ್ ರಾಷ್ಟ್ರಪತಿಗೆ ಶಿಫಾರಸು ಮಾಡಿತು. ಜೀತಾ ಸಿಂಗ್ ಈಗ ಮನುಷ್ಯರ ನ್ಯಾಯಾಲಯಗಳಿಗೆ ಸಿಗದ ಕಡೆ ಹೋಗಿದ್ದಾನೆ, ಈ ಆದೇಶದಿಂದ ಅವನಿಗೆ ಉಪಯೋಗವಿಲ್ಲ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲೇ ಇದೆ. ಬರೆದವರು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್. 1976ರಲ್ಲಿ ಜೀತಾ ಸಿಂಗ್ ಅರ್ಜಿ ವಜಾ ಮಾಡಿದ ಪೀಠದಲ್ಲಿ ಅವರೂ ಇದ್ದರು.

ಇನ್ನೊಂದು ವಿಷಯ. ಅದೇ 1976ರ ಪೀಠದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದ್ದರು. ಗಲ್ಲುಶಿಕ್ಷೆಯನ್ನು ಅವರಷ್ಟು ಜೋರಾಗಿ ವಿರೋಧಿಸಿದ ನ್ಯಾಯಮೂರ್ತಿಗಳು ನಮ್ಮ ದೇಶದಲ್ಲಿ ಕಡಿಮೆ. ಜಡ್ಜ್ ಮನಸ್ಸು ಮೆದುವಾಗಿದ್ದರೆ ಬಚಾವ್, ಗಟ್ಟಿಯಾಗಿದ್ದರೆ ಗಲ್ಲು ಅನ್ನುವಷ್ಟು ಸರಳ ಲೆಕ್ಕವೂ ಇದಲ್ಲ ಹಾಗಾದರೆ. ಯಾವ ವರ್ಷ, ಯಾವ ಪೀಠ, ಯಾವ ವಕೀಲ, ಫೈಲಿನಲ್ಲಿ ಯಾವ ಕಾಗದ ಇತ್ತು, ಯಾವುದು ಇರಲಿಲ್ಲ. ಒಂದು ಜೀವ ಇಂಥ ಸಣ್ಣ ಸಣ್ಣ ವಿಷಯಗಳ ಮೇಲೆ ನಿಂತಿತ್ತು.

ಆ ತೀರ್ಪಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಜೈಲು ಅಧಿಕಾರಿಗಳಿಗೆ ಕೊಟ್ಟ ಒಂದು ಸೂಚನೆ. ಗಲ್ಲಿಗೇರಿಸುವ ಮೊದಲು, ಈತನ ಸಹ ಆರೋಪಿಗಳಲ್ಲಿ ಯಾರದಾದರೂ ಗಲ್ಲು ರದ್ದಾಗಿದೆಯಾ ಅಂತ ಜೈಲು ಸೂಪರಿಂಟೆಂಡೆಂಟ್ ಖುದ್ದಾಗಿ ವಿಚಾರಿಸಬೇಕು ಅಂತ. ಸೆಷನ್ಸ್ ಕೋರ್ಟ್, ಹೈಕೋರ್ಟ್, ಸುಪ್ರೀಂ ಕೋರ್ಟ್, ರಾಷ್ಟ್ರಪತಿ ಭವನ ಎಲ್ಲ ದಾಟಿ ಬಂದ ಕಡತವನ್ನು ಕೊನೆಗೆ ಜೈಲು ಅಧಿಕಾರಿ ಇನ್ನೊಮ್ಮೆ ನೋಡಬೇಕು! ಇಷ್ಟು ಎಚ್ಚರಿಕೆ ಬೇಕು ಅಂತ ಕೋರ್ಟಿಗೇ ಅನ್ನಿಸಿತ್ತು ಅಂದಮೇಲೆ, ಈ ವ್ಯವಸ್ಥೆ ಎಷ್ಟು ನಾಜೂಕು ಅಂತ ನೀವೇ ಯೋಚಿಸಿ.

ಇದು ಹಳೇ ಕಥೆ, ಈಗ ಹಾಗಿಲ್ಲ ಅಂತೀರಾ? ಮಹಾರಾಷ್ಟ್ರಕ್ಕೆ ಬನ್ನಿ. 2003ರಲ್ಲಿ ನಾಸಿಕ್ ಹತ್ತಿರ ದರೋಡೆ, ಅತ್ಯಾಚಾರ, ಕೊಲೆ. ಆರು ಜನರಿಗೆ ಗಲ್ಲು. ಬಾಂಬೆ ಹೈಕೋರ್ಟ್ ಮೂವರ ಗಲ್ಲನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟ್ ಆರೂ ಜನರಿಗೆ ಗಲ್ಲು ಕೊಟ್ಟಿತು. ಹತ್ತು ವರ್ಷ ಬಿಟ್ಟು, 2019ರ ಮಾರ್ಚ್‌ನಲ್ಲಿ, ಅದೇ ಸುಪ್ರೀಂ ಕೋರ್ಟ್ ಆರೂ ಜನರನ್ನು ಖುಲಾಸೆ ಮಾಡಿತು. ತಲಾ 5 ಲಕ್ಷ ಪರಿಹಾರ ಕೊಡಿ ಅಂತಲೂ ಹೇಳಿತು. ಅಷ್ಟರಲ್ಲಿ ಅವರು 16 ವರ್ಷ ಜೈಲಿನಲ್ಲಿ ಕಳೆದಿದ್ದರು.

ನೊಂದವರ ಪರವಾಗಿ ಗಲ್ಲು ಕೇಳುವವರು ಇಲ್ಲೊಂದು ವಿಷಯ ಗಮನಿಸಬೇಕು. ಆ ಘಟನೆಯಲ್ಲಿ ಬದುಕುಳಿದ ಸಾಕ್ಷಿ ಮೊದಲು ಪೊಲೀಸರ ಫೋಟೋ ಆಲ್ಬಮ್ ನೋಡಿ ಬೇರೆ ನಾಲ್ವರನ್ನು ಗುರುತಿಸಿದ್ದರು. ಆ ದಾರಿಯಲ್ಲಿ ತನಿಖೆ ಮುಂದೆ ಹೋಗಲೇ ಇಲ್ಲ. ಆ ಕುಟುಂಬಕ್ಕೆ ಸಿಕ್ಕಿದ್ದೇನು ಹಾಗಾದರೆ? ತಪ್ಪು ಜನರಿಗೆ ಗಲ್ಲು ಕೊಟ್ಟರೆ ನೊಂದವರಿಗೂ ಅನ್ಯಾಯವೇ ಅಲ್ವಾ?

"ನಿಮ್ಮ ಮನೆಯವರಿಗೇ ಹೀಗಾಗಿದ್ದರೆ?" ಈ ಪ್ರಶ್ನೆ ಖಂಡಿತ ಬರುತ್ತದೆ, ಅದು ನ್ಯಾಯವಾದ ಪ್ರಶ್ನೆ. ನನ್ನ ಮನೆಯವರಿಗೆ ಆಗಿದ್ದರೆ ಅವನು ಸಾಯಲಿ ಅಂತ ನಾನೂ ಕೂಗಾಡಿಯೇನು. ಆ ಸಿಟ್ಟನ್ನು ನಾನು ತಪ್ಪು ಅನ್ನೋದಿಲ್ಲ. 2020ರ ಮಾರ್ಚ್ 20ರಂದು ದೆಹಲಿಯ ತಿಹಾರ್ ಜೈಲಿನಲ್ಲಿ ನಿರ್ಭಯಾ ಪ್ರಕರಣದ ನಾಲ್ವರನ್ನು ಗಲ್ಲಿಗೇರಿಸಿದಾಗ ಬಹಳ ಜನರಿಗೆ ಸಮಾಧಾನ ಆಯಿತು, ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ನಾನು ಗಲ್ಲು ಬೇಡ ಅನ್ನೋದು ಅಪರಾಧಿಯ ಮೇಲಿನ ಕನಿಕರದಿಂದ ಅಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅಂತ ಸರಿಯಾಗಿ ಆರಿಸೋಕೆ ನಮಗೆ ಬರೋದಿಲ್ಲ, ಅದಕ್ಕೆ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

ಗಲ್ಲಿದ್ದರೆ ಜನ ಹೆದರುತ್ತಾರೆ ಅನ್ನುವ ವಾದ: 1967ರಲ್ಲಿ ಕಾನೂನು ಆಯೋಗ ಗಲ್ಲು ಇರಲಿ ಅಂದಿತ್ತು. 2015ರಲ್ಲಿ ನ್ಯಾಯಮೂರ್ತಿ ಎ.ಪಿ. ಷಾ ಅಧ್ಯಕ್ಷತೆಯ ಆಯೋಗ, ಜೀವಾವಧಿಗಿಂತ ಗಲ್ಲು ಜಾಸ್ತಿ ಹೆದರಿಸುತ್ತದೆ ಅನ್ನೋಕೆ ಆಧಾರ ಇಲ್ಲ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದ ಪ್ರಕರಣ ಬಿಟ್ಟು ಉಳಿದದ್ದಕ್ಕೆ ತೆಗೆದುಹಾಕಿ ಅಂದಿತು.

ನಮ್ಮ ಕರ್ನಾಟಕದ್ದು: ಬೆಂಗಳೂರಿನಲ್ಲಿ ಸ್ವಾಮಿ ಶ್ರದ್ಧಾನಂದ ಅನ್ನುವವನು ಅಪರಾಧಿಯಾಗಿದ್ದ ಕೊಲೆ ಪ್ರಕರಣ. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲು ಅಂದರು, ಒಬ್ಬರು ಬೇಡ ಅಂದರು. 2008ರಲ್ಲಿ ಮೂವರ ಪೀಠ, ಸಾಯುವ ತನಕ ಬಿಡುಗಡೆ ಇಲ್ಲದ ಜೈಲುಶಿಕ್ಷೆ ಕೊಟ್ಟಿತು. ಗಲ್ಲು ಖಾಯಂ ಆಗೋದು ಬಹುಮಟ್ಟಿಗೆ ಪೀಠದಲ್ಲಿ ಕೂತವರ ವೈಯಕ್ತಿಕ ಒಲವನ್ನು ಅವಲಂಬಿಸಿದೆ ಅಂತ ಆ ತೀರ್ಪೇ ಒಪ್ಪಿಕೊಂಡಿತು. ನೊಂದವರಿಗೆ ರಕ್ಷಣೆ ಬೇಕು ಅಂದರೆ ಈ ಶಿಕ್ಷೆ ಸಾಲದಾ? ಆ ಮನುಷ್ಯ ಹೊರಗೆ ಬರೋದಿಲ್ಲ. ತೀರ್ಪು ತಪ್ಪು ಅಂತ ಗೊತ್ತಾದರೆ ಬಾಗಿಲು ತೆರೆಯಬಹುದು.

ಪಾಲಾರ್ ಬಾಂಬ್ ಸ್ಫೋಟದ ಕೇಸ್ ಕೂಡ ಇಂಥದ್ದೇ. ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾನೂನು) ಕೋರ್ಟ್ ವೀರಪ್ಪನ್‌ನ ನಾಲ್ವರು ಸಹಚರರಿಗೆ ಜೀವಾವಧಿ ಕೊಟ್ಟಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲು ಮಾಡಿತು. 2014ರಲ್ಲಿ, ಕ್ಷಮಾದಾನ ಅರ್ಜಿ ಇತ್ಯರ್ಥ ಮಾಡೋಕೆ ವಿಪರೀತ ತಡ ಮಾಡಿದ್ದೀರಿ ಅಂತ ಮತ್ತೆ ಜೀವಾವಧಿ ಮಾಡಿತು. ಈ ಕೇಸಿಗೇ ಒಂದು ಪೂರ್ತಿ ವಿಡಿಯೋ ಬೇಕು, ಮಾಡುತ್ತೇನೆ.

ಗಲ್ಲು ಇರಲೇಬೇಕು ಅನ್ನುವವರು ದಯವಿಟ್ಟು ಕಾಮೆಂಟ್‌ನಲ್ಲಿ ಬರೆಯಿರಿ. ನಾಸಿಕ್ ಕೇಸಿನಂಥ ತೀರ್ಪನ್ನು ಮೊದಲೇ ತಡೆಯೋಕೆ ನಿಮ್ಮ ಹತ್ತಿರ ಯಾವ ದಾರಿ ಇದೆ? ಒಳ್ಳೆಯ ವಾದಗಳನ್ನು ಮುಂದಿನ ವಿಡಿಯೋದಲ್ಲಿ ಓದುತ್ತೇನೆ.