ಆಮೆ ಹೋದಲ್ಲಿಗೆ ಹಣವೂ ಹೋಗಬೇಕು

ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯವರಿಗೆ, ಬೀಡಿ ಕಟ್ಟುತ್ತಾ ರೇಡಿಯೋ ಹಾಕಿಕೊಂಡು ಕೂತಿರುವ ಅಕ್ಕಂದಿರಿಗೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಿಕೆ ತೋಟದವರಿಗೂ ನಮಸ್ಕಾರ. ಕಡಲಾಮೆಯ ಮಾತು ತೋಟದವರಿಗೆ ಯಾಕೆ ಎಂದು ರೇಡಿಯೋ ಬಂದ್ ಮಾಡಬೇಡಿ. ಪಯಸ್ವಿನಿ ಹೊಳೆಯ ವಿಚಾರವೂ ಇದರಲ್ಲಿ ಬರುತ್ತದೆ.

ಇವತ್ತು ನನಗೆ ಕೊಟ್ಟಿರುವ ವಿಷಯ, ವಿದೇಶಗಳಲ್ಲಿ ಕಡಲಾಮೆಗಳ ರಕ್ಷಣೆಗೆ ಸರ್ಕಾರಗಳು ಕೊಡುವ ಅನುದಾನ. ಅಂದರೆ ಒಂದು ದೇಶದ ಸರ್ಕಾರ ತನ್ನ ಜನ ಕಟ್ಟಿದ ತೆರಿಗೆ ಹಣವನ್ನು ಇನ್ನೊಂದು ದೇಶದ ಮರಳಿನಲ್ಲಿರುವ ಆಮೆಮೊಟ್ಟೆ ಕಾಯುವುದಕ್ಕೆ ಕೊಡುವುದು. ತನ್ನ ಊರಿನ ರಸ್ತೆ, ಶಾಲೆ, ಆಸ್ಪತ್ರೆ ಬಿಟ್ಟು ಹೀಗೆ ಯಾಕೆ ಕೊಡಬೇಕು ಎಂದು ನೀವು ಕೇಳುತ್ತೀರಿ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದಾಗ ಮಕ್ಕಳು ಇದನ್ನೇ ಕೇಳುತ್ತಿದ್ದರು. ನನ್ನ ಉತ್ತರ ಆಗಲೂ ಒಂದೇ, ಈಗಲೂ ಒಂದೇ. ಆಮೆ ಹೋದಲ್ಲಿಗೆ ಹಣವೂ ಹೋಗಬೇಕು. ಈ ಹೊತ್ತಿನಲ್ಲಿ ಇದನ್ನು ನಾನು ಹಲವು ಸಲ ಹೇಳಲಿದ್ದೇನೆ, ಬೇಸರ ಮಾಡಬೇಡಿ.

03233. ಇದು ಒಂದು ಆಮೆಯ ನಂಬರು. 2021ರ ಮಾರ್ಚ್‌ನಲ್ಲಿ ಒಡಿಶಾದ ಗಹಿರ್‌ಮಾಥಾ ತೀರಕ್ಕೆ ಮೊಟ್ಟೆ ಇಡಲು ಬಂದಿದ್ದ ಒಂದು ಆಲಿವ್ ರಿಡ್ಲಿ ಆಮೆಗೆ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯವರು ಈ ನಂಬರಿನ ಲೋಹದ ಬಿಲ್ಲೆ ಹಾಕಿ ಬಿಟ್ಟರು. 2025ರ ಜನವರಿ ಕೊನೆಯಲ್ಲಿ ಅದೇ ಆಮೆ ಮೊಟ್ಟೆ ಇಡಲು ಎಲ್ಲಿಗೆ ಬಂತು ಗೊತ್ತೇ? ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗುಹಾಗರ್ ತೀರಕ್ಕೆ. ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿಗೆ, ಸುಮಾರು 3,500 ಕಿಲೋಮೀಟರ್. ಶ್ರೀಲಂಕೆಯನ್ನು ಸುತ್ತು ಹಾಕಿ ಬಂದಿರಬಹುದು, ಇಲ್ಲವೇ ರಾಮೇಶ್ವರದ ಹತ್ತಿರದ ಇಕ್ಕಟ್ಟು ದಾರಿಯಲ್ಲಿ ನುಸುಳಿರಬಹುದು. ಹೇಗೆ ಬಂದರೂ ಕೇರಳದ ಕಡಲು, ಕರ್ನಾಟಕದ ಕಡಲು ದಾಟದೆ ರತ್ನಾಗಿರಿ ಮುಟ್ಟುವಂತಿಲ್ಲ. ಬೇಕಲ ಕೋಟೆಯ ಮೇಲೆ ನಿಂತು ನಾವು ನೋಡುವ ಕಡಲಿನ ಆಚೆಗೆಲ್ಲೋ ಆ ಆಮೆ ಹಾದುಹೋಗಿದೆ.

ಈಗ ಹೇಳಿ, ಆ ಆಮೆ ಯಾರದ್ದು? ಒಡಿಶಾದವರದ್ದೇ, ಮಹಾರಾಷ್ಟ್ರದವರದ್ದೇ, ನಮ್ಮದೇ? ಒಡಿಶಾದವರು ಎಷ್ಟೇ ಚೆನ್ನಾಗಿ ಮೊಟ್ಟೆ ಕಾದರೂ ನಡುದಾರಿಯಲ್ಲಿ ಬಲೆಗೆ ಸಿಕ್ಕು ಸತ್ತರೆ ಕಾದದ್ದೆಲ್ಲ ವ್ಯರ್ಥ. ತೋಟಕ್ಕೆ ಮೂರು ಬದಿ ಬೇಲಿ ಹಾಕಿ ಒಂದು ಬದಿ ತೆರೆದಿಟ್ಟರೆ ಏನಾಗುತ್ತದೆ ಎಂದು ತೋಟದವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ದೊಡ್ಡ ಆಮೆಯ ವಿಚಾರ. ಲೆದರ್‌ಬ್ಯಾಕ್, ಅಂದರೆ ಬೆನ್ನಿನ ಮೇಲೆ ಗಟ್ಟಿ ಚಿಪ್ಪಿಲ್ಲದೆ ತೊಗಲು ಹೊದ್ದ ಆಮೆ. ಕಡಲಾಮೆಗಳಲ್ಲೇ ದೊಡ್ಡದು. ಅಂಡಮಾನಿನಲ್ಲಿ ಮೊಟ್ಟೆ ಇಟ್ಟ ಲೆದರ್‌ಬ್ಯಾಕ್ ಆಮೆಗಳ ಬೆನ್ನಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಅವರ ಜೊತೆಯವರೂ ಸೇರಿ ಉಪಗ್ರಹಕ್ಕೆ ಸಂಕೇತ ಕಳಿಸುವ ಯಂತ್ರ ಕಟ್ಟಿ ನೋಡಿದರು. ಕೆಲವು ಆಸ್ಟ್ರೇಲಿಯಾದ ಕಡೆಗೆ ಹೋದವು, ಕೆಲವು ಆಫ್ರಿಕದ ಕಡೆಗೆ. ಒಂದು ಆಮೆ ಮೊಜಾಂಬಿಕ್ ತೀರದ ತನಕ ಹೋಯಿತು. ಅಂಡಮಾನಿನ ಆಮೆಯನ್ನು ಉಳಿಸಬೇಕಾದರೆ ಮೊಜಾಂಬಿಕ್‌ನ ಮೀನುಗಾರರೂ ಬೇಕು. ಅದಕ್ಕೇ ನಾನು ಹೇಳುವುದು, ಆಮೆ ಹೋದಲ್ಲಿಗೆ ಹಣವೂ ಹೋಗಬೇಕು.

ಇದನ್ನು ಕಾಯ್ದೆ ಮಾಡಿ ಒಪ್ಪಿಕೊಂಡ ದೇಶ ಅಮೆರಿಕ. 2004ರ ಜುಲೈ 2ರಂದು ಅಲ್ಲಿ ಕಡಲಾಮೆ ಸಂರಕ್ಷಣಾ ಕಾಯ್ದೆ ಬಂತು. ಅದರ ಅಡಿಯಲ್ಲಿ ಒಂದು ನಿಧಿ. ಹಣ ಹಂಚುವುದು ಅವರ ಮೀನು ಮತ್ತು ವನ್ಯಜೀವಿ ಇಲಾಖೆ. ಬೇರೆ ದೇಶದ ಸರ್ಕಾರಿ ಇಲಾಖೆಯವರು ಅರ್ಜಿ ಹಾಕಬಹುದು, ಈ ಕೆಲಸದ ಅನುಭವವಿರುವ ಸಂಘಸಂಸ್ಥೆಯವರೂ ಹಾಕಬಹುದು. ಮೊಟ್ಟೆ ಇಡುವ ತೀರದ ಕಾವಲು, ಮೊಟ್ಟೆ ಕಳ್ಳತನ ತಡೆಯುವುದು, ಬಲೆಯಲ್ಲಿ ಆಮೆ ಸಾಯದಂತೆ ಮಾಡುವುದು, ಊರಿನವರಿಗೆ ತರಬೇತಿ, ಇಂಥದ್ದಕ್ಕೆ ಹಣ. ವರ್ಷಕ್ಕೆ 50 ಲಕ್ಷ ಡಾಲರ್ ತನಕ ಕೊಡಬಹುದು ಎಂದು ಕಾಯ್ದೆಯಲ್ಲಿ ಬರೆದರು. ಅವರ ಸಂಸತ್ತು ಕೊಟ್ಟದ್ದು ಅದಕ್ಕಿಂತ ಕಡಿಮೆ, ಅದು ಬೇರೆ ಮಾತು. ಇದಕ್ಕೆ ಮೊದಲೇ ಆಫ್ರಿಕದ ಆನೆಗೆ 1988ರಲ್ಲಿ, ಘೇಂಡಾಮೃಗ ಮತ್ತು ಹುಲಿಗೆ 1994ರಲ್ಲಿ, ಏಷ್ಯಾದ ಆನೆಗೆ 1997ರಲ್ಲಿ ಇದೇ ತರದ ಕಾಯ್ದೆಗಳನ್ನು ಮಾಡಿದ್ದರು. 2011ರಲ್ಲಿ ಹುಲಿಮರಿಯ ಚಿತ್ರದ ಒಂದು ಅಂಚೆಚೀಟಿ ತಂದರು. ಮಾಮೂಲಿ ಚೀಟಿಗಿಂತ ಅದಕ್ಕೆ ಸ್ವಲ್ಪ ಹೆಚ್ಚು ಬೆಲೆ, ಆ ಹೆಚ್ಚಿನ ಕಾಸು ಈ ನಿಧಿಗಳಿಗೆ. ಕಾಗದ ಹಾಕುವ ಸಾಮಾನ್ಯ ಮನುಷ್ಯ ಎಲ್ಲಿಯದೋ ಆಮೆಗೆ, ಆನೆಗೆ ನಾಲ್ಕು ಕಾಸು ಕೊಟ್ಟ. ನಮ್ಮ ಅಂಚೆ ಇಲಾಖೆಯೂ ಇದನ್ನು ಮಾಡಬಾರದೇ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಅಮೆರಿಕದವರಿಗೆ ಇದರಲ್ಲಿ ಏನು ಲಾಭ? ಅವರ ಕ್ಯಾಲಿಫೋರ್ನಿಯಾದ ಕಡಲಿಗೆ ಅಂಬಲಿ ಮೀನು ತಿನ್ನಲು ಬರುವ ಲೆದರ್‌ಬ್ಯಾಕ್ ಆಮೆ ಮೊಟ್ಟೆ ಇಡುವುದು ಇಂಡೋನೇಷ್ಯಾದ ಪಾಪುವಾದಲ್ಲಿ. ಇಡೀ ಪೆಸಿಫಿಕ್ ಸಾಗರ ದಾಟಿ, ಹತ್ತು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಈಜಿ ಬರುತ್ತದೆ. ಪಾಪುವಾದ ಮರಳಿನಲ್ಲಿ ಹಂದಿ ಮೊಟ್ಟೆ ಅಗೆದು ತಿಂದರೆ ಕ್ಯಾಲಿಫೋರ್ನಿಯಾದಲ್ಲಿ ಆಮೆ ಇಲ್ಲ. ಅಷ್ಟೇ ಲೆಕ್ಕ.

ಪಾಪುವಾ ಎಂದ ಮೇಲೆ ಒಬ್ಬರ ಕಥೆ ಹೇಳದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಆ ತೀರದಲ್ಲಿ, 1980ರ ದಶಕದಲ್ಲಿ, ಹೆಚ್ಚುಕಡಿಮೆ ಒಬ್ಬರೇ ರಾತ್ರಿಯೆಲ್ಲ ನಡೆದು ಸುಮಾರು 700 ಲೆದರ್‌ಬ್ಯಾಕ್ ಆಮೆಗಳಿಗೆ ಬಿಲ್ಲೆ ಹಾಕಿದವರು ಅಮೆರಿಕದವರೂ ಅಲ್ಲ, ಇಂಡೋನೇಷ್ಯಾದವರೂ ಅಲ್ಲ, ನಮ್ಮ ಕೇರಳದವರು. ಸತೀಶ್ ಭಾಸ್ಕರ್. ಮದ್ರಾಸಿನ ಐಐಟಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವರು ಅದನ್ನು ಬಿಟ್ಟು ಆಮೆಯ ಹಿಂದೆ ಹೋದರು. 1970ರ ದಶಕದ ಕೊನೆಯಿಂದ ಈ ದೇಶದ ಕರಾವಳಿಯನ್ನು, ಅಂಡಮಾನ್ ನಿಕೋಬಾರ್ ದ್ವೀಪಗಳನ್ನು, ಲಕ್ಷದ್ವೀಪವನ್ನು ಕಾಲ್ನಡಿಗೆಯಲ್ಲಿ ಸುತ್ತಿ ಎಲ್ಲೆಲ್ಲಿ ಯಾವ ಆಮೆ ಮೊಟ್ಟೆ ಇಡುತ್ತದೆ ಎಂದು ಬರೆದಿಟ್ಟರು. ಇವತ್ತು ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಆ ನಡಿಗೆಯಿಂದ ಬಂದದ್ದು.

1982ರಲ್ಲಿ ಅವರು ಲಕ್ಷದ್ವೀಪದ ಸುಹೇಲಿಗೆ ಹೋದರು. ಜನವಸತಿ ಇಲ್ಲದ ದ್ವೀಪ. ಅಲ್ಲಿ ಹಸಿರು ಆಮೆ ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಆಟಿ ತಿಂಗಳ ಕಡಲು ಹೇಗಿರುತ್ತದೆ ಎಂದು ನಮ್ಮ ಮೊಗವೀರರಿಗೆ, ಮುಕ್ಕುವರಿಗೆ ಹೇಳಿಕೊಡಬೇಕೇ? ಯಾವ ದೋಣಿಯೂ ಆ ಕಡೆ ಹೋಗುವುದಿಲ್ಲ. ಹೋದವನು ಮಳೆ ಮುಗಿಯುವ ತನಕ ಅಲ್ಲೇ. ಮಾತಾಡಲು ಇನ್ನೊಂದು ಜೀವ ಇಲ್ಲ, ವೈದ್ಯರಿಲ್ಲ, ತಂತಿ ಕಳಿಸುವ ದಾರಿ ಇಲ್ಲ. ಇದೆಲ್ಲ ಗೊತ್ತಿದ್ದೇ ಅವರು ಅಕ್ಕಿ, ಸಾಮಾನು ಕಟ್ಟಿಕೊಂಡು ಹೋದರು. ಆಮೆ ಮಳೆಗಾಲದಲ್ಲೇ ಬರುವುದಾದರೆ ನೋಡುವವನೂ ಮಳೆಗಾಲದಲ್ಲೇ ಇರಬೇಕಲ್ಲ! ಮನೆಯಲ್ಲಿ ಹೆಂಡತಿ ಕಾಯುತ್ತಿದ್ದರು. ಅವರಿಗೆ ಒಂದು ಕಾಗದ ಬರೆದು, ಬಾಟಲಿಯಲ್ಲಿ ಹಾಕಿ, ಜುಲೈ ತಿಂಗಳಲ್ಲಿ ಕಡಲಿಗೆ ಎಸೆದರು.

ಕೇಳಿ ಈಗ. ಆ ಬಾಟಲಿ 24 ದಿನಗಳಲ್ಲಿ ಸುಮಾರು 800 ಕಿಲೋಮೀಟರ್ ತೇಲಿ ಶ್ರೀಲಂಕೆ ಮುಟ್ಟಿತು. ಅಲ್ಲಿಯ ಒಬ್ಬ ಮೀನುಗಾರನಿಗೆ ಸಿಕ್ಕಿತು. ಆ ಮನುಷ್ಯ ಅದನ್ನು ಎಸೆದು ಸುಮ್ಮನಾಗಬಹುದಿತ್ತು. ಹಾಗೆ ಮಾಡಲಿಲ್ಲ. ವಿಳಾಸ ನೋಡಿ, ತಾನೂ ಒಂದು ಕಾಗದ ಬರೆದು, ತನ್ನ ಸಂಸಾರದ ಫೋಟೋ ಇಟ್ಟು, ನಮ್ಮ ಊರಿಗೆ ಬನ್ನಿ ಎಂದು ಕರೆದು, ಅಂಚೆಗೆ ಹಾಕಿದ. ಲಕ್ಷದ್ವೀಪದಿಂದ ಬರೆದ ಕಾಗದ ಶ್ರೀಲಂಕೆಯ ಮೂಲಕ ಮನೆಗೆ ಬಂತು! ಈ ಕಥೆ ಹೇಳುವಾಗ ಈಗಲೂ ನನಗೆ ಮೈ ನವಿರೇಳುತ್ತದೆ. ಕಡಲಿಗೆ ಗಡಿ ಇಲ್ಲ ಎಂದು ಪುಸ್ತಕದಲ್ಲಿ ಓದುವುದು ಬೇರೆ, ಒಬ್ಬ ಮೀನುಗಾರ ಅಂಚೆ ಖರ್ಚು ಕೊಟ್ಟು ತೋರಿಸಿಕೊಡುವುದು ಬೇರೆ. ಸತೀಶ್ ಭಾಸ್ಕರ್ 2023ರಲ್ಲಿ ತೀರಿಕೊಂಡರು. ನಮ್ಮ ಮಕ್ಕಳಿಗೆ ಅವರ ಹೆಸರು ಗೊತ್ತಿಲ್ಲ. ಶಾಲೆಯ ಟೀಚರುಗಳು ಯಾರಾದರೂ ಕೇಳುತ್ತಿದ್ದರೆ ದಯವಿಟ್ಟು ನಾಳೆ ತರಗತಿಯಲ್ಲಿ ಹೇಳಿ.

ಅವರು ಬಿಲ್ಲೆ ಹಾಕಿದ ಆ ಪಾಪುವಾದ ತೀರದಲ್ಲಿ 1984ರಿಂದ 2011ರ ಒಳಗೆ ಗೂಡುಗಳು ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾದವು. ಒಬ್ಬ ಮನುಷ್ಯ ಎಷ್ಟು ನಡೆದರೂ ಸಾಲುವುದಿಲ್ಲ. ಊರಿನ ಹತ್ತು ಜನಕ್ಕೆ ಕಾವಲಿನ ಸಂಬಳ ಬೇಕು, ಪ್ರತಿ ವರ್ಷ ಬೇಕು. ಸರ್ಕಾರದ ಹಣ ಬೇಕಾಗುವುದು ಅಲ್ಲಿ.

ಹಾಗೆ ಕೊಟ್ಟರೆ ಫಲ ಸಿಗುತ್ತದೆಯೇ? ಮೆಕ್ಸಿಕೋದಲ್ಲಿ ಸಿಕ್ಕಿದೆ. ಅಲ್ಲಿ ರಾಂಚೋ ನ್ಯೂವೋ ಎಂಬ ತೀರ. ನಮ್ಮ ಆಲಿವ್ ರಿಡ್ಲಿಯ ದಾಯಾದಿ, ಕೆಂಪ್ಸ್ ರಿಡ್ಲಿ ಎಂಬ ಆಮೆ ಅಲ್ಲಿಗೆ ಬರುತ್ತದೆ. 1947ರಲ್ಲಿ ಒಬ್ಬರು ತೆಗೆದ ಚಲನಚಿತ್ರವನ್ನು ನೋಡಿ, ಒಂದೇ ದಿನ ಸುಮಾರು 40,000 ಆಮೆ ಬಂದಿದ್ದವು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 1985ರಲ್ಲಿ ಇಡೀ ವರ್ಷಕ್ಕೆ 702 ಗೂಡು. ಅಷ್ಟೇ! ಆದರೆ 1978ರಿಂದಲೇ ಮೆಕ್ಸಿಕೋ ಮತ್ತು ಅಮೆರಿಕದ ಸರ್ಕಾರಗಳು ಜೊತೆಯಾಗಿ ತೀರ ಕಾಯಲು ಶುರು ಮಾಡಿದ್ದವು. ಬಿಡಲಿಲ್ಲ, ವರ್ಷ ವರ್ಷ ಕಾದರು. ಆಮೆ ದೊಡ್ಡದಾಗಿ ಮೊಟ್ಟೆ ಇಡಲು ಹತ್ತಾರು ವರ್ಷ ಬೇಕು, ಅವಸರ ಮಾಡಿದರೆ ಆಗುವುದಿಲ್ಲ. 2009ರ ಹೊತ್ತಿಗೆ 20,000 ಗೂಡು ದಾಟಿತು.

ನಡುವೆ ನಿಲ್ಲಿಸಿದ್ದರೆ? ಅದೇ ನನ್ನ ಹೆದರಿಕೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವಿನ ಬಹುಪಾಲನ್ನು ಒಮ್ಮೆಲೇ ತಡೆಹಿಡಿದಾಗ ಹಲವು ದೇಶಗಳ ವನ್ಯಜೀವಿ ಕೆಲಸಕ್ಕೆ ಪೆಟ್ಟು ಬಿತ್ತು. ಮೊಟ್ಟೆ ಇಡುವ ಕಾಲ ಯಾವ ಆಜ್ಞೆಗೂ ಕಾಯುವುದಿಲ್ಲ.

ಸಮಯ ಕಡಿಮೆ ಇದೆ ಎಂದು ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳುತ್ತೇನೆ.

ನಮ್ಮ ದೇಶದ ನಿಯಮ. ಹೊರಗಿನ ಹಣ ಪಡೆಯಬೇಕಾದರೆ ವಿದೇಶಿ ದೇಣಿಗೆ ಕಾಯ್ದೆಯ ಅಡಿಯಲ್ಲಿ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಪಡೆದ ದೊಡ್ಡ ಸಂಸ್ಥೆ ಅದನ್ನು ಇನ್ನೊಂದು ಚಿಕ್ಕ ಸಂಘಕ್ಕೆ ಹಂಚುವಂತಿಲ್ಲ. ಲೆಕ್ಕ ಸರಿ ಇರಬೇಕು, ಒಪ್ಪುತ್ತೇನೆ. ಆದರೆ ನಮ್ಮ ನೀಲೇಶ್ವರದ ತೈಕಡಪ್ಪುರದಲ್ಲಿ ನೆಯ್ದಲ್ ಎಂಬ ಸಂಘದವರು ಎರಡು ದಶಕಗಳಿಂದ ಮೊಟ್ಟೆಗಳನ್ನು ಬೇಲಿಯೊಳಗೆ ಹೂತು ಕಾದು ಮರಿಗಳನ್ನು ಕಡಲಿಗೆ ಬಿಡುತ್ತಾ ಬಂದಿದ್ದಾರಲ್ಲ, ಅಂಥ ಊರಿನ ಸಂಘಗಳಿಗೆ ಹಣ ಯಾವ ದಾರಿಯಲ್ಲಿ ಬರಬೇಕು? ವಿದೇಶದ ದಾರಿ ಕಿರಿದಾದರೆ ನಮ್ಮ ಸರ್ಕಾರವೇ ಕೊಡಲಿ. ಶ್ರೀಲಂಕೆಯ ತೀರಕ್ಕೂ ಕೊಡಲಿ, ನಮ್ಮ ಆಮೆಗಳು ಅಲ್ಲಿಗೂ ಹೋಗುತ್ತವೆ. ಆಮೆ ಹೋದಲ್ಲಿಗೆ ಹಣವೂ ಹೋಗಬೇಕು.

ಟ್ರಾಲ್ ಬೋಟಿನವರಿಗೆ ಒಂದು ಮಾತು. ಆಮೆ ಪಾರಾಗುವ ಕಿಂಡಿ ಇಲ್ಲದ ಬಲೆಯಲ್ಲಿ ಹಿಡಿದ ಸಿಗಡಿಯನ್ನು ಅಮೆರಿಕ ಕೊಳ್ಳುವುದಿಲ್ಲ. ನಮ್ಮ ಕಡಲಿನ ಸಿಗಡಿಗೆ 2019ರಿಂದ ಅಲ್ಲಿ ಬಾಗಿಲು ಮುಚ್ಚಿತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ನಮ್ಮ ಬಲೆಗೆ ಹೊಂದುವ ಸಾಧನ ಮಾಡಿದ್ದಾರೆ. ಹಾಕಿಸಿಕೊಳ್ಳಿ. ಬಲೆಗೆ ಸಿಕ್ಕ ಆಮೆ ಉಸಿರು ಕಟ್ಟಿ ಸಾಯುತ್ತದೆ, ಅದಕ್ಕೆ ಗಾಳಿ ಬೇಕು.

ತೋಟದವರೇ, ಪಯಸ್ವಿನಿ ಎಂದಿದ್ದೆ. 2019ರಲ್ಲಿ ಆ ಅಮೆರಿಕದ ಕಾಯ್ದೆಗೆ ಹೊಳೆಯ ಆಮೆಗಳನ್ನೂ, ನೆಲದ ಆಮೆಗಳನ್ನೂ ಸೇರಿಸಿದರು. ನಮ್ಮ ಪಯಸ್ವಿನಿ ಮತ್ತು ಚಂದ್ರಗಿರಿಯಲ್ಲಿ ಪಾಲಪೂವನ್ ಎಂಬ ಮೆತ್ತನೆ ಚಿಪ್ಪಿನ ದೈತ್ಯ ಆಮೆ ಇದೆ. ಜಗತ್ತಿನಲ್ಲಿ ಬಹಳ ಅಪರೂಪ. ಕಾಸರಗೋಡು ಜಿಲ್ಲೆ ಅದನ್ನು ತನ್ನ ಜಿಲ್ಲಾ ಪ್ರಾಣಿ ಎಂದು 2023ರಲ್ಲಿ ಘೋಷಿಸಿದೆ. ಹೊಳೆಬದಿಯಲ್ಲಿ ಮೊಟ್ಟೆ ಕಂಡರೆ ಮುಟ್ಟಬೇಡಿ, ಅರಣ್ಯ ಇಲಾಖೆಯವರಿಗೆ ತಿಳಿಸಿ.

ಕಡಲ ಬದಿಯವರೂ ಹಾಗೆಯೇ. ಮಳೆ ಹೋದ ಮೇಲೆ, ಮಾರ್ಚ್ ತನಕ, ಬೆಳಿಗ್ಗೆ ಮರಳಿನ ಮೇಲೆ ಆಮೆ ತೆವಳಿದ ಗುರುತು ಕಂಡರೆ ಅಳಿಸಬೇಡಿ, ಮೊಟ್ಟೆ ಅಗೆಯಬೇಡಿ, ನಾಯಿಗಳನ್ನು ಬಿಡಬೇಡಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಮೊಟ್ಟೆ ತೆಗೆದರೆ ಜೈಲು. ಕಡಲಿಗೆ ಮುಖ ಮಾಡಿದ ದೀಪ ರಾತ್ರಿ ಆರಿಸಿ, ಬೆಳಕು ಕಂಡರೆ ಮರಿಗಳು ಕಡಲು ಬಿಟ್ಟು ರಸ್ತೆಗೆ ಬರುತ್ತವೆ. ಮೊಟ್ಟೆ ಒಡೆದು ಮರಿ ಬರಲು 45ರಿಂದ 60 ದಿನ. ಅಷ್ಟು ದಿನ ಕಾಯುವ ಹುಡುಗರಿಗೆ ಕೂಲಿ ಯಾರು ಕೊಡುತ್ತಾರೆ ಎಂದು ನಿಮ್ಮ ವಾರ್ಡ್ ಮೆಂಬರನ್ನು ಈ ವಾರವೇ ಕೇಳಿ. ಪಂಚಾಯತಿನ ಮುಂದಿನ ಯೋಜನೆಯಲ್ಲಿ ಅದಕ್ಕೆ ಒಂದು ಸಾಲು ಬರೆಸಿ. ನಮಸ್ಕಾರ.