ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಧ್ರುವದ ಕಡೆಗೆ ಬಾಗುವುದೇಕೆ?

ನಮಸ್ಕಾರ. ಬೀದರಿನ ತಾಯಿಯೊಬ್ಬರು ಕಳುಹಿಸಿದ ಪ್ರಶ್ನೆಯಿದು: "ಮಗ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ. ಮೊಬೈಲಿನಲ್ಲಿ ನೋಡಿದರೆ ವಿಮಾನದ ಹಾದಿ ಉತ್ತರಕ್ಕೆ ಬಾಗಿತ್ತು. ಇಷ್ಟೊಂದು ಬಳಸಿ ಹೋಗುವುದೇಕೆ?"

ಈ ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ದೂರ ಸುಮಾರು 14,000 ಕಿ.ಮೀ., ಹಾರಾಟ ಹೆಚ್ಚುಕಡಿಮೆ 17 ಗಂಟೆ. ಅಕ್ಷಾಂಶ, ರೇಖಾಂಶಗಳನ್ನು ಶಾಲೆಯಲ್ಲೇ ಓದಿದ್ದೇವೆ. ಉತ್ತರವನ್ನು ಬೀದರಿನಲ್ಲೇ ಹುಡುಕೋಣ.

(ದೃಶ್ಯ: ಚೌಬಾರಾ ಗೋಪುರದ ಸಮೀಪದ ಬಿದರಿ ಅಂಗಡಿ, ಕೈಯಲ್ಲಿ ಕಪ್ಪು ಸುರಾಹಿ, ಅಂದರೆ ಉದ್ದ ಕೊರಳಿನ ಹೂಜಿ)

ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಎರಕ ಹೊಯ್ದು, ಗೀರಿದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕೊನೆಗೆ ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಪಾತ್ರೆಯಿದು. ಇದರ ದುಂಡು ಹೊಟ್ಟೆಯ ಮೇಲ್ಭಾಗದಲ್ಲಿ, ಒಂದೇ ಎತ್ತರದಲ್ಲಿ ಆಚೆಗೊಂದು ಈಚೆಗೊಂದು ಹೂವಿದೆ. ಒಂದರಿಂದ ಇನ್ನೊಂದಕ್ಕೆ ಪಾತ್ರೆಯ ಸುತ್ತಳತೆಯ ಗುಂಟ ತಂತಿ ಹಾಯಿಸಿದರೆ ಎಷ್ಟು ಬೇಕಾಗುತ್ತದೆಯೋ, ಅದೇ ತಂತಿಯನ್ನು ಬಿಗಿಯಾಗಿ ಎಳೆದು ಹಿಡಿದರೆ ಅದಕ್ಕಿಂತ ಕಡಿಮೆ ಸಾಕು. ಬಿಗಿದ ತಂತಿ ಎಲ್ಲಿ ಕೂರುತ್ತದೆ ನೋಡಿ: ಸುರಾಹಿಯ ಕೊರಳಿನ ಕಡೆಗೆ ತಾನಾಗಿಯೇ ಮೇಲೇರುತ್ತದೆ. ಯಾರೂ ಅದನ್ನು ಬಾಗಿಸಲಿಲ್ಲ. ದುಂಡಾದ ಮೈಮೇಲೆ ಹತ್ತಿರದ ದಾರಿಯೇ ಅದು. ಇದನ್ನು ಮೊದಲ ಬಾರಿ ಕೈಯಾರೆ ಮಾಡಿ ನೋಡಿದ ದಿನ ನಾನು ಬಹಳ ಹೊತ್ತು ಆ ಪಾತ್ರೆಯನ್ನು ಕೆಳಗಿಡಲಿಲ್ಲ.

ಭೂಮಿಯ ಕೊರಳು ಉತ್ತರ ಧ್ರುವ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿದ ದಾರ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ, ಅಂದರೆ ಆರ್ಕ್ಟಿಕ್ ವೃತ್ತವನ್ನೂ ದಾಟಿ ಏರುತ್ತದೆ. ಗೋಡೆಯ ನಕ್ಷೆಯಲ್ಲಿ ಸ್ಕೇಲಿಟ್ಟು ಪೆಸಿಫಿಕ್ ಸಾಗರದ ಮೇಲೆ ಎಳೆದ ನೆಟ್ಟನೆಯ ಗೆರೆಯನ್ನು ಹಿಡಿದರೆ ಸುಮಾರು 2,000 ಕಿ.ಮೀ. ಹೆಚ್ಚು ಹಾರಬೇಕು. ಧ್ರುವದ ನೆತ್ತಿಯನ್ನೇ ಮುಟ್ಟಿ ಬಂದರೂ ಹೆಚ್ಚುವುದು 400 ಕಿ.ಮೀ.ಗಿಂತ ಕಡಿಮೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಧ್ರುವದ ಮೇಲಿಂದಲೇ ಬೆಂಗಳೂರಿಗೆ ಬಂದಿಳಿಯಿತು.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಒಟ್ಟಿಗೇ ಹೇಳುತ್ತೇನೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಎತ್ತರದ ಬಿರುಗಾಳಿಗಾಗಿ ಮತ್ತು ಮುಚ್ಚಿದ ಆಕಾಶಗಳಿಗಾಗಿ ಪೈಲಟ್‌ಗಳು ಈ ಹತ್ತಿರದ ದಾರಿಯಿಂದ ಸರಿಯುತ್ತಾರೆ; 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ತೆರೆದಿಲ್ಲ.

ತಾಯಿಯವರೇ, ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಮಗ ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದರೆ ಅಲ್ಲಿ ಇಳಿಯುವಾಗ ಅದೇ ದಿನದ ಸಂಜೆ 5:30. ಆಗ ನಿಮ್ಮ ಮನೆಯಲ್ಲಿ ಮರುದಿನ ಬೆಳಿಗ್ಗೆ 7. ಅಷ್ಟು ಹೊತ್ತಿಗೆ ಫೋನು ಬರಬಹುದು.