ಪಕ್ಕದ ಮನೆಗೆ ಜ್ವರ ಬಂದರೆ ನಿಮಗೆ ಗೊತ್ತಾಗುತ್ತಾ?

(ದೃಶ್ಯ: ಬೆಳಗಿನ ಮಂಜು. ತೋಟದ ಮುಚ್ಚಿದ ಗೇಟು.)

ನಮಸ್ಕಾರ. ಕೊಡಗಿನಲ್ಲಿ ಪಕ್ಕದ ಮನೆ ಅಂದ್ರೆ ಎಷ್ಟು ದೂರ ಗೊತ್ತಾ? ಕೂಗಿದರೆ ಕೇಳಿಸುವುದಿಲ್ಲ. ಮಧ್ಯೆ ಕಾಫಿ ತೋಟ ಇರುತ್ತದೆ, ಒಂದು ತೋಡು (ಸಣ್ಣ ಹಳ್ಳ) ಇರುತ್ತದೆ, ಕೆಲವು ದಿನ ಆನೆಯೂ ಇರುತ್ತದೆ. 2020ರಲ್ಲಿ ಕೊರೊನಾ ಬಂದು "ಅಂತರ ಕಾಪಾಡಿ" ಅಂತ ದಿನಾ ಫೋನಿನಲ್ಲಿ ಹೇಳುತ್ತಿದ್ದಾಗ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಲಾಕ್‌ಡೌನ್ ಕೂಡ ಅಷ್ಟೇನೂ ಹೊಸದಲ್ಲ. ಮಳೆಗಾಲಕ್ಕೆ ಅಂತ ಸೌದೆ, ಅಕ್ಕಿ, ಒಣಮೀನು ಕೂಡಿಟ್ಟುಕೊಂಡು, ಕರೆಂಟಿಲ್ಲದೆ ದಿನಗಟ್ಟಲೆ ಒಳಗೇ ಕೂರುವ ಅಭ್ಯಾಸ ಇರುವ ಜನ ನಾವು.

ಈ ನಗು ಎಲ್ಲಿಯವರೆಗೆ? ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಗೆ ಜ್ವರ ಬರುವವರೆಗೆ. ದೂರ ಇದ್ದರೆ ರೋಗ ಬರುವುದು ನಿಧಾನ, ಸರಿ. ಸುದ್ದಿ ಹೊರಗೆ ಹೋಗುವುದೂ ಅಷ್ಟೇ ನಿಧಾನ ಅಲ್ವಾ?

(ದೃಶ್ಯ: ಕೇರಳ ಗಡಿಯ ಮಾಕುಟ್ಟ ರಸ್ತೆ.)

ಮಾರ್ಚ್ 2020ರಲ್ಲೇ ಜಿಲ್ಲೆಯ ಮೊದಲ ಪ್ರಕರಣ ಬಂತು, ವಿದೇಶದಿಂದ ಮರಳಿದ್ದ ಒಬ್ಬರಿಗೆ. ಅವರ ಊರಿನ ಓಡಾಟ ನಿಂತಿತು. ಆಮೇಲೆ ಕೇರಳದ ಕಡೆಯ ದಾರಿಗಳೂ ಬಂದ್ ಆದವು. ಆಗ ಜಿಲ್ಲಾಧಿಕಾರಿಯಾಗಿದ್ದ ಆನೀಸ್ ಕಣ್ಮಣಿ ಜಾಯ್ ನರ್ಸಿಂಗ್ ಓದಿ ಐಎಎಸ್‌ಗೆ ಬಂದವರು. ಆದರೆ ಆಡಳಿತ ಎಷ್ಟೇ ಚುರುಕಾಗಿದ್ದರೂ ಮಡಿಕೇರಿಯಲ್ಲಿ ಕೂತು ನೋಡಿದರೆ ತೋಟದೊಳಗಿನ ಮನೆ ಕಾಣುವುದಿಲ್ಲ. ಅಲ್ಲಿಗೆ ಯಾರೋ ನಡೆದುಕೊಂಡೇ ಹೋಗಬೇಕು.

ಇಲ್ಲಿ ಒಂಚೂರು ಹಿಂದೆ ಹೋಗೋಣ. ಮಡಿಕೇರಿ ದಸರಾ ಕರಗ ನೋಡಿದ್ದೀರಾ? ರಾಜರ ಕಾಲದಲ್ಲಿ ಊರಿಗೆ ರೋಗ ಬಡಿದಾಗ ಮಾರಿಯಮ್ಮನ ಮೊರೆ ಹೋಗಿ ಇದನ್ನು ಶುರು ಮಾಡಿದರು ಅಂತ ಹೇಳುತ್ತಾರೆ. ನಾಲ್ಕು ಕರಗಗಳು ಬೀದಿ ಬೀದಿ ಸುತ್ತಿ ಮನೆ ಮುಂದೆ ಪೂಜೆ ತಗೊಳ್ಳುತ್ತವೆ. ಭಕ್ತಿಯ ಮಾತು ಬಿಡಿ, ಅದು ಅವರವರಿಗೆ ಬಿಟ್ಟದ್ದು. ನನಗೆ ಹಿಡಿಸುವುದು ಆ ಸುತ್ತುವುದು. ಊರಿಗೆ ಕಷ್ಟ ಬಂದಾಗ ದೇವರೇ ಬಾಗಿಲಿಗೆ ಬರುತ್ತಾಳೆ, ನೀವು ದೀಪ ಹಚ್ಚಿಕೊಂಡು ಹೊರಗೆ ನಿಂತಿರುತ್ತೀರಿ. ಯಾವ ಮನೆಯಲ್ಲಿ ದೀಪ ಇಲ್ಲ ಅನ್ನುವುದು ಇಡೀ ಬೀದಿಗೆ ಗೊತ್ತಾಗುತ್ತದೆ. (2020ರಲ್ಲಿ ಆ ದಸರಾವನ್ನೇ ಕೊರೊನಾದಿಂದಾಗಿ ಸರಳವಾಗಿ ಮುಗಿಸಬೇಕಾಯಿತು, ನೋಡಿ.)

ಈಗ ಹಾಗೆ ಬಾಗಿಲಿಗೆ ಬರುವವರು ಆಶಾ ಕಾರ್ಯಕರ್ತೆಯರು. ಸುಮಾರು 1000 ಜನಕ್ಕೆ ಒಬ್ಬರು ಅನ್ನುವುದು ಲೆಕ್ಕ. ಬೆಂಗಳೂರಿನಲ್ಲಿ ಅಷ್ಟು ಜನ ಒಂದೇ ಅಪಾರ್ಟ್‌ಮೆಂಟಿನಲ್ಲಿ ಸಿಗುತ್ತಾರೆ. ನಮ್ಮಲ್ಲಿ ಗುಡ್ಡ ಹತ್ತಿ, ಜಿಗಣೆ ಕಿತ್ತುಕೊಂಡು, ನಾಯಿ ಇದೆಯಾ ಅಂತ ಗೇಟಿನಲ್ಲೇ ನಿಂತು ಕೇಳಿ ಒಳಗೆ ಹೋಗಬೇಕು.

ಕೊರೊನಾ ಬಂದಾಗ ನಾವೂ ಸುಮ್ನೆ ಕೂರಲಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಮಾಡಿದ್ದ ವಾಟ್ಸಾಪ್ ಗ್ರೂಪನ್ನೇ ಮತ್ತೆ ಎಬ್ಬಿಸಿದೆವು. ಯಾರ ಹತ್ತಿರ ಜೀಪಿದೆ, ಯಾರಿಗೆ ಬಿಪಿ ಮಾತ್ರೆ ಬೇಕು, ಮೊದಲ ವಾರ ಎಲ್ಲ ಚೆನ್ನಾಗಿ ನಡೆಯಿತು. ಎರಡನೇ ವಾರದಿಂದ ಬರೀ ಕಷಾಯದ ರೆಸಿಪಿ, ಗುಡ್ ಮಾರ್ನಿಂಗ್. ಇದಕ್ಕಿಂತ ದೊಡ್ಡ ತಪ್ಪು ನಮಗೆ ತಡವಾಗಿ ಕಂಡಿತು: ಗ್ರೂಪಿನಲ್ಲಿ ಲೈನ್‌ಮನೆಯವರು, ಅಂದ್ರೆ ತೋಟದ ಕೆಲಸಗಾರರು, ಒಬ್ಬರೂ ಇರಲಿಲ್ಲ.

(ದೃಶ್ಯ: ಲೈನ್‌ಮನೆ. ಒಣಗಲು ಹಾಕಿದ ಬಟ್ಟೆ.)

ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಆಧಾರ್ ಅಲ್ಲಿಯದು, ರೇಷನ್ ಕಾರ್ಡೂ ಅಲ್ಲಿಯದು. ಸಾಲು ಮನೆ, ಒಂದೇ ಗೋಡೆ, ಒಂದೇ ನಲ್ಲಿ. ನಮ್ಮ ಆ ಹೆಮ್ಮೆಯ ಅಂತರ ಇವರಿಗಿಲ್ಲ. ಇಲ್ಲಿ ಇವರ ಹೆಸರು ಇರುವುದು ಒಂದೇ ಕಡೆ, ತೋಟದ ಲೆಕ್ಕ ನೋಡುವ ರೈಟರ್ ಬರೆಯುವ ಚೆಕ್‌ರೋಲ್‌ನಲ್ಲಿ, ಅಂದ್ರೆ ಹಾಜರಿ ಪುಸ್ತಕದಲ್ಲಿ. ಒಬ್ಬ ಮೂರು ದಿನ ಕೆಲಸಕ್ಕೆ ಬಂದಿಲ್ಲ ಅಂದ್ರೆ ಅದು ಅಲ್ಲಿ ಕಾಣುತ್ತದೆ. ಬೇರೆ ಯಾವ ಆ್ಯಪ್‌ನಲ್ಲೂ ಕಾಣುವುದಿಲ್ಲ. ಆದರೆ ನಾವು ಆ ಗೈರುಹಾಜರಿಯನ್ನು ಕೂಲಿ ಕಡಿಯಲು ಮಾತ್ರ ನೋಡುತ್ತೇವೆ. ಜ್ವರ ಅಂದ ಕೂಡಲೇ ಕೂಲಿ ಹೋಗುತ್ತದೆ ಅಂದ್ರೆ ಯಾರು ಜ್ವರ ಅಂತ ಹೇಳುತ್ತಾರೆ ಹೇಳಿ? ಡೋಲೊ ನುಂಗಿ ಕೆಲಸಕ್ಕೆ ಬರುತ್ತಾರೆ, ಜೊತೆಯವರಿಗೂ ಹಂಚುತ್ತಾರೆ. ತೋಟದ ಮಾಲೀಕರಿಗೆ ಈ ಮಾತು ಇಷ್ಟ ಆಗಲಿಕ್ಕಿಲ್ಲ, ನಮ್ಮಪ್ಪನಿಗೂ ಆಗಲಿಲ್ಲ. ಆದರೂ ಹೇಳುತ್ತೇನೆ, ಕಾಯಿಲೆ ಬಿದ್ದ ದಿನಕ್ಕೂ ಕೂಲಿ ಕೊಡಿ.

ಇನ್ನೊಂದು ಮಾತು. ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನುವ ಪಟ್ಟಿ ಕಾಗದದಲ್ಲಿರಲಿ. 2020ರ ಆಗಸ್ಟ್‌ನಲ್ಲಿ ಕೊರೊನಾ ಇನ್ನೂ ಜೋರಾಗಿರುವಾಗಲೇ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಅಂಥ ಮಳೆಯಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ, ಫೋನೂ ಸಾಯುತ್ತದೆ. ಮನೆ, ವಯಸ್ಸು, ದಿನದ ಮಾತ್ರೆ, ಹತ್ತಿರದ ಜೀಪು, ಇಷ್ಟು ಬರೆದು ಹಾಲಿನ ಡೈರಿಯಲ್ಲೋ ರೇಷನ್ ಅಂಗಡಿಯಲ್ಲೋ ಇಡಿ. ಜೊತೆಗೆ ರಕ್ತದ ಆಮ್ಲಜನಕ ಅಳೆಯುವ ಒಂದು ಆಕ್ಸಿಮೀಟರ್, ಅದಕ್ಕೆ ಎರಡು ಜೊತೆ ಬ್ಯಾಟರಿ ಸೆಲ್. ಕೊರೊನಾದಲ್ಲಿ ಉಸಿರಾಟದ ಕಷ್ಟ ಗೊತ್ತಾಗುವ ಮೊದಲೇ ಆಮ್ಲಜನಕ ಇಳಿಯಬಹುದು. 94ಕ್ಕಿಂತ ಕೆಳಗೆ ಬಂದರೆ ನಾಳೆ ನೋಡೋಣ ಅನ್ನಬೇಡಿ, 108ಕ್ಕೆ ಹೇಳಿ. ಗುಡ್ಡದ ದಾರಿಯಲ್ಲಿ ಆಂಬ್ಯುಲೆನ್ಸ್ ಬರುವುದು ತಡ ಅನ್ನಿಸಿದರೆ ಜೀಪಿನಲ್ಲಿ ಮುಖ್ಯ ರಸ್ತೆಗೆ ತಂದು ನಿಲ್ಲಿ.

ಈ ವಿಡಿಯೋ ಮಾಡುವ ಮೊದಲು ನಮ್ಮ ತೋಟದ ಚೆಕ್‌ರೋಲ್ ತೆಗೆದು ನೋಡಿದೆ. 14 ಹೆಸರುಗಳಿದ್ದವು. ಅವರ ಊರಿನಲ್ಲಿರುವ ಮನೆಯವರ ಫೋನ್ ನಂಬರ್ ಇದ್ದದ್ದು 2 ಜನರದ್ದು ಮಾತ್ರ. ನಿಮ್ಮದರಲ್ಲಿ ಎಷ್ಟಿದೆ?